ಗುದ್ದಲ್ಲ, ಒತ್ತಡ

ಜನವರಿ 21, 2025, ಮಂಗಳವಾರ ರಾತ್ರಿ

ಒರಾಯನ್ ನೀಹಾರಿಕೆಯಲ್ಲಿ ಒಂದು ನಕ್ಷತ್ರದಿಂದ ಬೀಸುವ ಅಷ್ಟು ತೆಳು ಗಾಳಿ ಅಷ್ಟು ದೊಡ್ಡ ಅನಿಲ ಮೋಡವನ್ನು ಹೇಗೆ ತಳ್ಳೀತು? ಸಂಜೆ ಬಂದ ಈ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. ಕೇಳಿದವರ ಅನುಮಾನ ಸರಿಯಾದದ್ದೇ.

ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ ಬರಿಗಣ್ಣಿಗೆ ಮಸುಕಾಗಿ ಕಾಣುವ ಆ ನೀಹಾರಿಕೆ ಸುಮಾರು 1,350 ಜ್ಯೋತಿರ್ವರ್ಷ ದೂರ. ಒಳಗೆ ಟ್ರಪೀಜಿಯಂ ಎಂಬ ನಕ್ಷತ್ರಗಳ ಗುಂಪು, ಅದರ ಯಜಮಾನ ಥೀಟಾ-1 ಒರಾಯನಿಸ್ ಸಿ ಎಂಬ ನಕ್ಷತ್ರ. ಮೇಲ್ಮೈ ಶಾಖ 39,000 ಕೆಲ್ವಿನ್ ಆಸುಪಾಸು. ಕಾರ್ಬನ್, ನೈಟ್ರೋಜನ್, ಕಬ್ಬಿಣದ ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ಅದರ ನೇರಳಾತೀತ ಬೆಳಕನ್ನು ಹೀರಿ ಹೊರಕ್ಕೆ ನೂಕಲ್ಪಡುತ್ತವೆ, ಜೊತೆಗೆ ಹೈಡ್ರೋಜನ್ನನ್ನೂ ಎಳೆದೊಯ್ಯುತ್ತವೆ; ಇದೇ ಆ ಗಾಳಿ. ವೇಗ ಸೆಕೆಂಡಿಗೆ ಸುಮಾರು 2,500 ಕಿ.ಮೀ. ತೂಕ ಮಾತ್ರ ಅತ್ಯಲ್ಪ: ಒಂದು ಸೂರ್ಯನಷ್ಟು ದ್ರವ್ಯ ಹೊರಬೀಳಲು ಸುಮಾರು 25 ಲಕ್ಷ ವರ್ಷ ಹಿಡಿಯುತ್ತದೆ.

ಇನ್ನು ತಳ್ಳಿಸಿಕೊಂಡ ಕಡೆ. ಕಾರ್ಬನ್ ಅಯಾನಿನ 158 ಮೈಕ್ರಾನ್ ರೇಖೆಯನ್ನು, ಅಂದರೆ ಅದು ಸೂಸುವ ಆ ತರಂಗಾಂತರದ ಬೆಳಕನ್ನು, ನಮ್ಮ ವಾತಾವರಣದ ನೀರಾವಿ ನುಂಗಿಬಿಡುತ್ತದೆ. ಅದಕ್ಕೇ ಸೋಫಿಯಾ ದೂರದರ್ಶಕವನ್ನು ಬೋಯಿಂಗ್ 747ರಲ್ಲಿ ಕೂರಿಸಿ 12 ಕಿ.ಮೀ. ಮೇಲೆ ಹಾರಿಸಿದರು. 2019ರಲ್ಲಿ ಪ್ರಕಟವಾದ ಅದರ ನಕಾಶೆಯಲ್ಲಿ ಗಾಳಿ ತಳ್ಳಿದ ಅನಿಲದ ದುಂಡನೆಯ ಚಿಪ್ಪೊಂದು ಸ್ಪಷ್ಟವಾಗಿ ಕಂಡಿತು. ಡಾಪ್ಲರ್ ಪಲ್ಲಟದ (ಚಲನೆಯಿಂದ ಬೆಳಕಿನ ತರಂಗಾಂತರ ಬದಲಾಗುವುದು) ಪ್ರಕಾರ ಅದರ ಮುಂಭಾಗ ಸೆಕೆಂಡಿಗೆ 13 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ.

ಈ ಚಿಪ್ಪಿನೊಳಗಿನ ಗುಳ್ಳೆಯ ನಡುವೆ ನಕ್ಷತ್ರ ಇಲ್ಲ, ಇದನ್ನು ಮರೆತರೆ ಗುಳ್ಳೆಯ ವಯಸ್ಸಿನ ಲೆಕ್ಕ ತಪ್ಪುತ್ತದೆ. ಹಿಂದುಗಡೆ ದಟ್ಟ ಅಣುಮೋಡ ಗೋಡೆಯಂತಿರುವುದರಿಂದ ಗುಳ್ಳೆ ತೆಳುವಾದ ಕಡೆಗೆ ಉಬ್ಬಿದೆ. ಹೀಗಾಗಿ ಅಳೆಯಬೇಕಾದದ್ದು ತ್ರಿಜ್ಯವನ್ನಲ್ಲ, ನಕ್ಷತ್ರದಿಂದ ಎದುರಿನ ಅಂಚಿನವರೆಗಿನ ಸುಮಾರು 13 ಜ್ಯೋತಿರ್ವರ್ಷವನ್ನು. ಅದನ್ನು ವೇಗದಿಂದ ಭಾಗಿಸಿದರೆ 3 ಲಕ್ಷ ವರ್ಷ. ಗುಳ್ಳೆ ಮೊದಲು ಜೋರಾಗಿ, ಆಮೇಲೆ ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕಾಗಿ 0.6ರಿಂದ ಗುಣಿಸಿ. 2 ಲಕ್ಷದ ಹತ್ತಿರ.

ಅಷ್ಟು ಕಾಲದಲ್ಲಿ ಬೀಸಿದ ಗಾಳಿ 0.08 ಸೂರ್ಯ. ಚಿಪ್ಪಿನ ತೂಕ ಸಾವಿರ ಸೂರ್ಯ ಎಂದೇ ಇಟ್ಟುಕೊಳ್ಳೋಣ, ಅಳತೆಗಳು ಅದಕ್ಕಿಂತ ಹೆಚ್ಚೇ ಹೇಳುತ್ತವೆ. ಸಂವೇಗ (ದ್ರವ್ಯ × ವೇಗ) ನೋಡಿ: ಗಾಳಿಯದ್ದು 0.08 × 2,500, ಅಂದರೆ 200. ಚಿಪ್ಪಿನದ್ದು 1,000 × 13, ಅಂದರೆ 13,000. ನಕ್ಷತ್ರದ ಬೆಳಕು ನೇರವಾಗಿ ತಳ್ಳಿದ್ದನ್ನು ಸೇರಿಸಿದರೂ ಸಾಲದು.

ಚಲನಶಕ್ತಿಗೆ ಬನ್ನಿ, ಚಿತ್ರವೇ ಬೇರೆ. ಅರ್ಧ × ದ್ರವ್ಯ × ವೇಗದ ವರ್ಗ ಎಂಬ ಲೆಕ್ಕದಲ್ಲಿ ಗಾಳಿಯದ್ದು ಎರಡೂವರೆ ಲಕ್ಷ, ಚಿಪ್ಪಿನದ್ದು ಸುಮಾರು 84,500. ಖರ್ಚಿಗೆ ಸಾಕಾಗಿ ಉಳಿಯುತ್ತದೆ! ಗಾಳಿ ಚಿಪ್ಪಿಗೆ ನೇರ ಬಡಿಯುವುದೇ ಇಲ್ಲ. ಮಧ್ಯದಾರಿಯಲ್ಲೇ ಆಘಾತ ಅಲೆಗೆ ಸಿಕ್ಕಿ ವೇಗವೆಲ್ಲ ಶಾಖವಾಗುತ್ತದೆ. ಆ ಬಿಸಿ ಅನಿಲ ಎಷ್ಟು ವಿರಳವೆಂದರೆ ಬೇಗ ತಣಿಯಲಾರದು. ಕುಕ್ಕರಿನ ವೆಯ್ಟನ್ನು ಎತ್ತುವ ಹಬೆಯ ಹಾಗೆ, ಕೆಲಸ ಮಾಡುವುದು ಒಳಗೆ ಕಟ್ಟಿಕೊಂಡ ಒತ್ತಡ.

ಇಲ್ಲೇ ತೊಡಕು. ಸೂತ್ರದ ಪ್ರಕಾರ ಆ ಅನಿಲ 8 ಕೋಟಿ ಕೆಲ್ವಿನ್ ದಾಟಬೇಕು. ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್-ಕಿರಣ ದೂರದರ್ಶಕದ 2008ರ ವರದಿಯಲ್ಲಿ ಕಂಡದ್ದು ಸುಮಾರು 20 ಲಕ್ಷ. ಚಿಪ್ಪಿನ ಒಳಮೈಯಿಂದ ತಣ್ಣನೆಯ ಅನಿಲ ಆವಿಯಾಗಿ ಬೆರೆತರೆ ಶಾಖ ಇಳಿಯುತ್ತದೆ, ಒತ್ತಡ ಬಹುಪಾಲು ಉಳಿಯುತ್ತದೆ. ಆದರೆ ಎಲ್ಲಾದರೂ ಚಿಪ್ಪು ಹರಿದರೆ ಒತ್ತಡವೇ ಹೋಯಿತು. ಬಿಸಿ ಅನಿಲ ಪಕ್ಕದ ಒರಾಯನ್-ಎರಿಡನಸ್ ಎಂಬ ಇನ್ನೂ ದೊಡ್ಡ ಮಹಾಗುಳ್ಳೆಗೆ ನುಗ್ಗುತ್ತದೆ, ಆಮೇಲೆ ಚಿಪ್ಪು ಓಡುವುದು ಬರೀ ತನ್ನ ಹಳೆಯ ಸಂವೇಗದಿಂದ.