ಗುಡ್ಡಕ್ಕ ಮಬ್ಬು ಹಚ್ಚಿದ್ರಿ, ಮಂದಿಗೆ?

ಗದಗಿನ ಹೋಟೆಲೊಂದರ ಗೋಡೆಗೆ ಬಣ್ಣದಲ್ಲಿ ಬರೆದ ಕಪ್ಪತಗುಡ್ಡದ ಸೀನು. ಮುಂದೆ ಎರೆಹೊಲ, ಜೋಳದ ಸುಗ್ಗಿ, ದೂರದಲ್ಲಿ ಸಿವುಡು ಹೊತ್ತು ಬರುವ ಹೆಣ್ಣುಮಕ್ಕಳು. ಮಾಲಕರು ನೋಡಲು ಬಂದಾಗ ಗುಡ್ಡವೇನೋ ಹಿಂದೆ ಸರಿದಿತ್ತು, ಹೆಣ್ಣುಮಕ್ಕಳು ಮಾತ್ರ ಸ್ಟಿಕರ್ ಅಂಟಿಸಿದ ಹಾಗೆ ಎದ್ದು ನಿಂತಿದ್ದರು. "ಇವರು ಹೊಲದಾಗ ಅದಾರೋ, ನಮ್ಮ ಟೇಬಲ್ ಮ್ಯಾಲೆ ನಿಂತಾರೋ?" ಅಂದರು. ಅಟ್ಟಣಿಗೆ ಬಿಚ್ಚುವ ಹುಡುಗರು ಆಗಲೇ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದರು. ಮಾತು ಚುಚ್ಚಿತು, ಸುಳ್ಳಂತೂ ಆಗಿರಲಿಲ್ಲ.

ಅಳತೆ ಸರಿಯಿತ್ತು. ಸಮತಟ್ಟು ಹೊಲದಲ್ಲಿ ನಿಂತು ನೋಡುವಾಗ ನಮ್ಮಷ್ಟೇ ಎತ್ತರದವರ ಕಣ್ಣೆಲ್ಲ ದಿಗಂತದ ಗೆರೆಯ ಮೇಲೇ ಬರುತ್ತವೆ. ಪಾದ ಗೆರೆಯಿಂದ 12 ಇಂಚು ಕೆಳಗಿದ್ದರೆ ಪಾದದಿಂದ ಕಣ್ಣಿಗೂ 12 ಇಂಚು. ಕೆಟ್ಟದ್ದು ಬಣ್ಣ. ಗುಡ್ಡಕ್ಕೆ ಮಬ್ಬು, ಅಂದರೆ ದೂರದ್ದನ್ನು ಮಸುಕಾಗಿಸುವ ಬಣ್ಣ, ಬೆರೆಸಿ, ಸೀರೆಗೆ ಡಬ್ಬಿಯ ಕೆಂಪನ್ನೇ ಬಳಿದು, ನೆರಿಗೆಗೆ ಕಪ್ಪು ಎಳೆಯಲಾಗಿತ್ತು. ಅಷ್ಟು ದೂರದಲ್ಲಿ ಕಪ್ಪೆಲ್ಲಿಯದು? ನಡುವಿನ ಗಾಳಿ, ಧೂಳು ಬೆಳಕನ್ನು ಚದುರಿಸುವುದರಿಂದ ನೆರಳೇ ಮೊದಲು ತಿಳಿಯಾಗುತ್ತದೆ. ಬಿಳಿ ರುಮಾಲು ಉಲ್ಟಾ, ದೂರ ಹೋದಷ್ಟೂ ಮಾಸುತ್ತದೆ.

ಮಬ್ಬಿನ ಬಣ್ಣ ಒಂದೇ ಡಬ್ಬಿಯಲ್ಲಿ ಕಲಸಿಡಬೇಕು: ಬಿಳಿ, ಚೂರು ಅಲ್ಟ್ರಾಮರೀನ್ ನೀಲಿ, ಚೂರು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಸುಗ್ಗಿ ಧೂಳಿನ ಕಾಲ, ನೀಲಿ ಕಡಿಮೆ ಸಾಕು; ಮಳೆ ತೊಳೆದ ಗುಡ್ಡವಾದರೆ ಹೆಚ್ಚು. ನಡುವಿನ ಮಂದಿಗೆ 3 ಪಾಲು ಬಣ್ಣಕ್ಕೆ 1 ಪಾಲು ಮಬ್ಬು, ದೂರದವರಿಗೆ ಸರಿಸಮ, ಗುಡ್ಡಕ್ಕೆ 1 ಪಾಲು ಬಣ್ಣಕ್ಕೆ 3 ಪಾಲು ಮಬ್ಬು. ಸೀರೆ, ಮೈಬಣ್ಣ, ಸಿವುಡು, ನೆರಳು ಎಲ್ಲಕ್ಕೂ ಅದೇ ಡಬ್ಬಿ. ದೂರದವರಿಗೆ ಕಣ್ಣು ಮೂಗು ಬೇಡ, ಪಾದದ ಅಂಚು ನೆಲದಲ್ಲಿ ಕರಗಲಿ.

ನಾಟಕದ ಪರದೆ ಬರೆದು ಪಳಗಿದ ಕೈ ಅಕ್ರಿಲಿಕ್‌ನಲ್ಲಿ ಎಡವುತ್ತದೆ. ಅಂಟು ಕಲಸಿದ ಪುಡಿಬಣ್ಣ ಒಣಗಿದರೆ ತಿಳಿ, ಅಕ್ರಿಲಿಕ್ ಒಣಗಿದರೆ ಗಾಢ. ರಟ್ಟಿಗೆ ಹಚ್ಚಿ, ಪೂರ್ತಿ ಒಣಗಿಸಿ ನೋಡದೆ ಗೋಡೆ ಮುಟ್ಟಬಾರದು.

ಬರೆದಾದ ಮೇಲೆ ರಿಪೇರಿಗೆ ಉಳಿಯುವುದು ತೆಳು ಪೊರೆ: 1 ಪಾಲು ಮಬ್ಬಿಗೆ 4 ಪಾಲು ಗ್ಲೇಜ್ ಮೀಡಿಯಂ, ಅಂದರೆ ಬಣ್ಣವನ್ನು ಪಾರದರ್ಶಕವಾಗಿ ತೆಳುಮಾಡುವ ಅಕ್ರಿಲಿಕ್ ದ್ರವ. ಬರೀ ನೀರು ಜಾಸ್ತಿ ಸುರಿದರೆ ಬಣ್ಣದ ಹಿಡಿತ ಸಡಿಲಾಗಿ, ಒರೆಸಿದರೆ ಕೈಗೆ ಬರಬಹುದು. ಕಪ್ಪಿನ ಮೇಲೆ ಬಿಳಿ ಪೊರೆ ತಾನಾಗಿಯೇ ನೀಲಿ ಕಾಣುವುದರಿಂದ ಈ ಮಿಶ್ರಣಕ್ಕೆ ಸಿಯೆನ್ನಾ ಒಂದು ಹನಿ ಜಾಸ್ತಿ. ಎರಡು ಕೈ, ನಡುವೆ ಒಣಗಲು ಬಿಟ್ಟು. ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದರೆ ತಿಳಿ-ಗಾಢದಲ್ಲಿ ಇನ್ನೂ ಎದ್ದಿರುವುದು ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ಮಬ್ಬು ಕೂತ ಮೇಲೆ ಅದೇ ಮಾಲಕರು, "ಕೆಂಪು ಸೀರಿ ಇನ್ನಷ್ಟು ಎದ್ದು ಕಾಣ್ಲಿ" ಅಂದರು. ಕಾಣಬೇಕೆಂದರೆ ಆಕೆಯನ್ನು ಮುಂದಿನ ಸಾಲಿಗೆ ತಂದು, ಪಾದ ಕೆಳಗಿಳಿಸಿ, ದೊಡ್ಡದಾಗಿ ಹೊಸದೇ ಬರೆಯಬೇಕು. ಅದರ ರೇಟು ಬೇರೆ.