ಹೂಮಳೆ ಬಿತ್ತು, ಪಾಠ ಸಿಕ್ತು

ಪರಾಗಸ್ಪರ್ಶದ ಪಾಠಕ್ಕೆ ವಿಡಿಯೋ, ಚಾರ್ಟು ಅಂತ ವಾರದಿಂದ ಹುಡುಕ್ತಾನೇ ಇದ್ದೆ, ಎಲ್ಲದ್ರಲ್ಲೂ ಅದೇ ದಾಸವಾಳ. ಮೊನ್ನೆ ಮೂಡಿಗೆರೆ ಕಡೆ ಹೂಮಳೆ, ಅಂದ್ರೆ ಕಾಫಿ ಮೊಗ್ಗು ಅರಳಿಸೋ ಮಳೆ, ಬಿತ್ತಲ್ಲ, ಆಗ ಹೊಳೀತು, ಇನ್ನೊಂದು ಎಂಟೊಂಬತ್ತು ದಿನಕ್ಕೆ ಕಾಫಿ ತೋಟಾನೇ ಹೂ ಬಿಟ್ಟು ಬೆಳ್ಳಗಾಗುತ್ತೆ, ಅದಕ್ಕಿಂತ ದೊಡ್ಡ ಲ್ಯಾಬ್ ಎಲ್ಲಿದೆ!

ಇವತ್ತು ಒಂಬತ್ತನೇ ಕ್ಲಾಸ್ ಮಕ್ಕಳು ಮೊಗ್ಗು ಅರಳೋ ಮೊದ್ಲೇ ಅರೇಬಿಕಾ, ರೋಬಸ್ಟಾ ಎರಡೂ ಜಾತಿ ಕಾಫಿ ಗಿಡದಲ್ಲಿ ಕೆಲವು ರೆಂಬೆಗೆ ತೆಳು ಬಟ್ಟೆ ಚೀಲ ಕಟ್ಟಿ, ಪಕ್ಕದ್ದನ್ನ ಹಂಗೇ ಬಿಟ್ಟು, ಮೊಗ್ಗು ಎಣಿಸಿ ಬರ್ಕೊಂಡ್ರು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಗಾಳಿನೋ ಜೇನೋ ತರ್ಬೇಕು. ಇದನ್ನ ನಾನಿನ್ನೂ ಹೇಳಿಲ್ಲ. ಹೂ ಉದುರಿದ ಮೇಲೆ ಚೀಲ ಬಿಚ್ಚಿ, ಜೂನ್‌ನಲ್ಲಿ ಸ್ಕೂಲ್ ಶುರುವಾದಾಗ ಅವ್ರೇ ಕಾಯಿ ಎಣಿಸಿ ನಂಗೆ ಹೇಳ್ಲಿ. ತೋಟದ ಮನೆ ಹುಡುಗಿ ಒಬ್ಳು, 'ಮಿಸ್, ಜೇನುಪೆಟ್ಟಿಗೆ ಇದಕ್ಕೇ ಇಡ್ತಾರಾ?' ಅಂದ್ಳು, ಖುಷಿಗೆ ಕಣ್ಣು ತುಂಬ್ತು.