ಸಡ್ಬರಿಯ ಛತ್ರದಲ್ಲಿ ಒಂದು ರಾತ್ರಿ

ಅಮ್ಮ ಬಾಸ್ಟನ್ನಿಗೆ ಬಂದು ಎರಡು ವಾರವಾಗಿತ್ತು. ಮಾಲು, ಮ್ಯೂಸಿಯಂ ಎಲ್ಲ ತೋರಿಸಿದ್ದೆ. "ಹಳೇ ಮನೆ ಒಂದೂ ಇಲ್ವೇನೋ ಇಲ್ಲಿ?" ಎಂದು ಕೇಳಿದಳು. ಅಕ್ಟೋಬರಿನ ಒಂದು ಶನಿವಾರ ಅವಳನ್ನು ಹತ್ತಿರದ ಸಡ್ಬರಿ ಊರಿನ ವೇಸೈಡ್ ಇನ್ ಎಂಬ ಹಳೆಯ ತಂಗುಮನೆಗೆ ಕರೆದುಕೊಂಡು ಹೋದೆ.

ಇಂಗ್ಲೆಂಡಿನಿಂದ ಬಂದವರು ಸಡ್ಬರಿಯನ್ನು ಕಟ್ಟಿದ್ದು 1630ರ ದಶಕದ ಕೊನೆಯಲ್ಲಿ. ಅದರ ಪಕ್ಕದಲ್ಲೇ ಬಾಸ್ಟನ್-ನ್ಯೂಯಾರ್ಕ್ ನಡುವಿನ ಟಪಾಲು ದಾರಿ. ಆ ದಾರಿಯಲ್ಲಿ ಡೇವಿಡ್ ಹೌ ಎಂಬಾತನಿಗೆ ಎರಡು ಕೋಣೆಯ ಮನೆಯಿತ್ತು. 1716ರಲ್ಲಿ ಅದನ್ನು ದೊಡ್ಡದು ಮಾಡಿ, ದಾರಿಹೋಕರಿಗೆ ಊಟ, ಹಾಸಿಗೆ ಕೊಡಲು ಶುರುಮಾಡಿದ. ಅವನ ಮನೆತನದ ನಾಲ್ಕು ತಲೆಮಾರು, 1861ರವರೆಗೆ, ಅದನ್ನೇ ನಡೆಸಿತು.

"ಹಂಗಾದ್ರೆ ಛತ್ರ ಅನ್ನು" ಎಂದಳು ಅಮ್ಮ. ಆಮೇಲೆ ತಾನೇ ತಿದ್ದಿಕೊಂಡಳು. "ಛತ್ರದಲ್ಲಿ ದುಡ್ಡು ತಗೊಳ್ತಿರಲಿಲ್ಲ ಬಿಡು."

ಒಳಗೆ ತಗ್ಗಿದ ಸೂರು, ದಪ್ಪ ಮರದ ತೊಲೆಗಳು. ಅಮ್ಮ ಒಂದು ತೊಲೆಯ ಮೇಲೆ ಕೈಯಿಟ್ಟು ಸುಮ್ನೆ ನಿಂತಳು. 1955ರ ಡಿಸೆಂಬರಿನಲ್ಲಿ ಇಲ್ಲಿ ದೊಡ್ಡ ಬೆಂಕಿ ಬಿತ್ತು. ಮತ್ತೆ ಕಟ್ಟಿ 1958ರಲ್ಲಿ ಬಾಗಿಲು ತೆರೆದರು. ಸುಟ್ಟ ಜಾಗದಲ್ಲಿ ಹೊಸ ಹೋಟೆಲ್ ಏಳಿಸುವುದು ಸುಲಭವಿತ್ತು. ಹಳೆಯ ರೂಪವನ್ನೇ ಹುಡುಕಿ ನಿಲ್ಲಿಸಿದ್ದಾರಲ್ಲ, ಅದು ನನಗೆ ತುಂಬಾ ದೊಡ್ಡದು ಅನಿಸಿತು. ಹೊರಗಿನ ನಿಶ್ಶಬ್ದದ ಹಿಂದೆ ಕಾರು ತಯಾರಿಸುತ್ತಿದ್ದ ಹೆನ್ರಿ ಫೋರ್ಡ್ ಇದ್ದಾರೆ. 1923ರಲ್ಲಿ ಇದನ್ನು ಕೊಂಡ ಅವರೇ, ಕಾರುಗಳ ಸದ್ದು ಇಲ್ಲಿಗೆ ಬೇಡವೆಂದು ಹೆದ್ದಾರಿಯನ್ನು ದೂರಕ್ಕೆ ತಿರುಗಿಸಿದರು.

ಫೋರ್ಡ್ 1929ರಲ್ಲಿ ಕಟ್ಟಿಸಿದ ಹಿಟ್ಟಿನ ಗಿರಣಿ ಅಲ್ಲೇ ಹತ್ತಿರದಲ್ಲಿದೆ. ನೀರು ಬಿದ್ದು ದೊಡ್ಡ ಚಕ್ರ ತಿರುಗುತ್ತದೆ, ಒಳಗೆ ಕಲ್ಲು ತಿರುಗುತ್ತದೆ. ಅವತ್ತು ಮೆಕ್ಕೆಜೋಳ ಬೀಸುತ್ತಿದ್ದರು. ಅಮ್ಮ ಒಂದು ಚಿಟಿಕೆ ಹಿಟ್ಟು ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು, ಮೂಗಿಗೆ ಹಿಡಿದಳು. "ಬಿಸಿ ಇಲ್ಲ ನೋಡು. ಮಷಿನ್ ಹಿಟ್ಟು ಕೈ ಸುಡುತ್ತೆ. ನಮ್ಮಜ್ಜಿ ಬೀಸೋ ಕಲ್ಲಲ್ಲಿ ರಾಗಿ ಬೀಸಿದ್ರೆ ಹಿಂಗೇ ತಣ್ಣಗಿರ್ತಿತ್ತು." ಗಿರಣಿಯವರಿಗೆ ಇದನ್ನು ಹೇಳು ಅಂದಳು. ಹೇಳಿದೆ. ಅವರು ಕಲ್ಲಿನ ಹತ್ತಿರ ಕರೆದು, ಕಾಳು ಎಷ್ಟು ನಿಧಾನ ಬೀಳಬೇಕು ಅಂತ ತೋರಿಸಿದರು. ಅರ್ಧ ಗಂಟೆ ಅಮ್ಮ ಅಲ್ಲಿಂದ ಕದಲಲಿಲ್ಲ. ಈ ದೇಶದಲ್ಲಿ ಅವಳು ಯಾರಿಗೂ ಏನನ್ನೂ ವಿವರಿಸಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ರಾತ್ರಿ ರೂಮಿನಲ್ಲಿ ಮೇಜಿನ ಡ್ರಾಯರ್ ಎಳೆದರೆ ತುಂಬಾ ಚೀಟಿಗಳು. ಇದ್ದು ಹೋದವರು ಮುಂದೆ ಬರುವವರಿಗೆ ಬರೆದಿಡುವ ಪದ್ಧತಿ ಇಲ್ಲಿದೆ. ಮದುವೆಯಾಗಿ ಐವತ್ತು ವರ್ಷವಾದವರದು ಒಂದು, ಅಪ್ಪನನ್ನು ಕಳೆದುಕೊಂಡ ಮಗಳದು ಒಂದು. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಮಧ್ಯೆ ಮಾತಾಡಲಿಲ್ಲ.

ಆಮೇಲೆ ಅವಳೂ ಕಾಗದ ಕೇಳಿದಳು. ಊರಿನ ಹೆಸರು, ತಾರೀಖು ಹಾಕಿ, ಇಬ್ಬರು ಬಂದಿದ್ದೆವು, ಇಲ್ಲಿ ಕಲ್ಲಿನಲ್ಲಿ ಹಿಟ್ಟು ಬೀಸುತ್ತಾರೆ, ತಪ್ಪದೆ ನೋಡಿ ಎಂದು ಬರೆದಳು.

"ಕನ್ನಡ ಯಾರು ಓದ್ತಾರಮ್ಮ?"

"ನೀನಿಲ್ವಾ ಇಲ್ಲಿ? ನಿನ್ನಂಥೋರು ಇರ್ತಾರೆ."

ಚೀಟಿ ಮಡಚಿ ಒಳಗಿಟ್ಟಳು. ಡ್ರಾಯರ್ ಮುಚ್ಚುವ ಮುಂಚೆ ತನ್ನ ಪೆನ್ನನ್ನೂ ಪಕ್ಕದಲ್ಲೇ ಇಟ್ಟಳು.